ಕೋನ ಕೇಳಬೇಡಿ, ಬೆನ್ನು ನೋಡಿ

ಈ ವಾರ, ಮಸೆಗಲ್ಲಿನ ಮೇಲೆ ಉಜ್ಜಿ ಕೆಸರು ಎಬ್ಬಿಸುವ ಜಪಾನಿನ ನಾಗುರಾ ಕಲ್ಲುಗಳ ಸರದಿ ಎಂದು ಹೋದ ವಾರವೇ ಹೇಳಿದ್ದೆ. ಬೋಟಾನ್, ತೆಂಜೋ, ಮೆಜಿರೊ, ಕೋಮಾ ಎಂಬ ನಾಲ್ಕೂ ದರ್ಜೆಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿಯೂ ಇಟ್ಟಿದ್ದೆ. ಅಷ್ಟರಲ್ಲಿ ದಾವಣಗೆರೆಯ ಓದುಗರೊಬ್ಬರ ಪತ್ರ ಬಂತು. 'ಸಾರ್, ನನ್ನ ಕ್ಷೌರದ ಕತ್ತಿಯನ್ನು ಹದಿನೈದು ಡಿಗ್ರಿಗೆ ಮಸೆಯಲೋ, ಹದಿನೆಂಟಕ್ಕೋ? ಗಣಿಯಿಂದ ತೆಗೆದ ಕಲ್ಲಿಗೆ ಯಾವ ಕೋನ ಒಗ್ಗುತ್ತದೆ?' ಇದೇ ಪ್ರಶ್ನೆ ಬೇರೆ ಬೇರೆ ಊರಿನ ಅಂಚೆಮುದ್ರೆ ಹೊತ್ತು ಬರುತ್ತಲೇ ಇರುತ್ತದೆ. ನಾಗುರಾ ಎಲ್ಲಿಗೂ ಓಡಿಹೋಗುವುದಿಲ್ಲ, ಸಂಪಾದಕರು ಬೈದರೆ ಬೈಯಲಿ. ಮೊದಲು ಈ ಕೋನದ ಗ್ರಹಚಾರ ಬಿಡಿಸೋಣ.

ಕ್ಷೌರದ ಕತ್ತಿಯ ಕೋನವನ್ನು ಆರಿಸುವವರು ನಾವಲ್ಲ. ಜರ್ಮನಿಯ ಸೋಲಿಂಗೆನ್ನಿನಲ್ಲೋ ಇಂಗ್ಲೆಂಡಿನ ಶೆಫೀಲ್ಡಿನಲ್ಲೋ ಅದನ್ನು ಚಕ್ರಕ್ಕೆ ಹಿಡಿದು ಅರೆದವನು ಎಂದೋ ಆರಿಸಿಟ್ಟಿದ್ದಾನೆ. ಅಡುಗೆಮನೆಯ ಚಾಕುವನ್ನು ಮಸೆಯುವಾಗ ಬೆನ್ನನ್ನು ಕಲ್ಲಿನಿಂದ ಮೇಲೆತ್ತಿ ಹಿಡಿಯುತ್ತೇವೆ; ಎಷ್ಟು ಎತ್ತಬೇಕೆಂಬುದು ಕೈಗೆ ಬಿಟ್ಟದ್ದು. ಕ್ಷೌರದ ಕತ್ತಿಯಲ್ಲಿ ಎತ್ತುವ ಮಾತೇ ಇಲ್ಲ. ಬೆನ್ನೂ ಅಂಚೂ ಒಟ್ಟಿಗೆ ಕಲ್ಲಿನ ಮೇಲೆ ಕೂರಬೇಕು. ಹಾಗೆ ಕೂತಾಗ ಎಷ್ಟು ಕೋನ ಬೀಳುತ್ತದೋ ಅದೇ ಆ ಕತ್ತಿಯ ಕೋನ. ಬೆನ್ನು ದಪ್ಪಗಿದ್ದರೆ ಕೋನ ಹೆಚ್ಚು, ಅಲಗು ಅಗಲವಾಗಿದ್ದರೆ ಕಡಿಮೆ.

ಲೆಕ್ಕ ಬೇಕೇ ಬೇಕು ಎನ್ನುವವರು ವರ್ನಿಯರ್ ಕ್ಯಾಲಿಪರ್ ಹುಡುಕಿ ತನ್ನಿ. ಅಂಚಿನಿಂದ, ಬೆನ್ನು ಕಲ್ಲಿಗೆ ತಾಗುವ ಗೆರೆಯವರೆಗಿನ ಅಗಲವನ್ನು ಅಳೆದು ಬೆನ್ನಿನ ದಪ್ಪದಿಂದ ಭಾಗಿಸಿ. ನಾಲ್ಕು ಬಂದರೆ ಕೋನ 14.4 ಡಿಗ್ರಿ. ಮೂರೂವರೆ ಬಂದರೆ 16.4. ಮೂರು ಬಂದರೆ 19.2. 5/8 ಅಂಗುಲದ ಸಾಮಾನ್ಯ ಕತ್ತಿಯ ಅಗಲ ಸುಮಾರು 16 ಮಿಲಿಮೀಟರು; ಬೆನ್ನು ನಾಲ್ಕೂವರೆ ಮಿಲಿಮೀಟರು ಇದ್ದರೆ ಕೋನ 16 ಡಿಗ್ರಿ ಚಿಲ್ಲರೆ. ನನ್ನ ಮಟ್ಟಿಗೆ 15ರಿಂದ 18ರೊಳಗೆ ಬಿದ್ದರೆ ಅದು ಸರಿಯಾದ ಕತ್ತಿ. ಅದಕ್ಕಿಂತ ಇಳಿದರೆ ಬಿರುಸು ಗಡ್ಡಕ್ಕೆ ಅಂಚು ತಾಳುವುದಿಲ್ಲ. 19 ದಾಟಿತೋ, ಕೂದಲನ್ನು ಕತ್ತರಿಸುವ ಬದಲು ಎಳೆಯತೊಡಗುತ್ತದೆ, ಗಲ್ಲ ಮಧ್ಯಾಹ್ನದವರೆಗೂ ಉರಿಯುತ್ತದೆ. ದಾವಣಗೆರೆಯವರು ಅಳೆದು ನೋಡಲಿ. ಹದಿನೇಳು ಬಂದರೆ ಹದಿನೇಳು. ಕಲ್ಲು ಬೆಲ್ಜಿಯಂದೋ ಜಪಾನಿನದೋ ಎಂಬುದರಿಂದ ಆ ಅಂಕಿ ಒಂದು ಕೂದಲೆಳೆಯಷ್ಟೂ ಕದಲುವುದಿಲ್ಲ.

ಇಲ್ಲಿಗೆ ಟೇಪು ಪಂಥದವರು ಎದ್ದು ನಿಲ್ಲುತ್ತಾರೆ ಎಂದು ಗೊತ್ತು. ನನಗೂ ಅವರಿಗೂ ಹಳೆಯ ಲೆಕ್ಕ ಬಾಕಿ ಇದೆ. ಅವರ ಪದ್ಧತಿ ಹೀಗೆ: ಎಲೆಕ್ಟ್ರಿಷಿಯನ್ ಬಳಸುವ ಕಪ್ಪು ಟೇಪನ್ನು ಕತ್ತಿಯ ಬೆನ್ನಿಗೆ ಸುತ್ತಿ ಮಸೆಯುವುದು. ಬೆನ್ನು ಸವೆಯುವುದಿಲ್ಲ, ಹೊಳಪು ಉಳಿಯುತ್ತದೆ, ಪದರ ಹೆಚ್ಚಿಸಿ ಬೇಕಾದ ಕೋನ ಪಡೆಯಬಹುದು ಎಂಬುದು ಅವರ ವಾದ. ಕೋನದ ಮಾತು ಒಪ್ಪೋಣ. ಟೇಪಿನ ದಪ್ಪ ಒಂದು ಕಡೆಗೆ 0.15 ಮಿಲಿಮೀಟರು ಎಂದಿಟ್ಟುಕೊಂಡರೆ ಎರಡೂ ಕಡೆ ಸೇರಿ ಬೆನ್ನು 0.3 ದಪ್ಪವಾಯಿತು. ಮೇಲೆ ಹೇಳಿದ ಕತ್ತಿಯಲ್ಲಿ ಕೋನ ಒಂದು ಡಿಗ್ರಿ ಏರುತ್ತದೆ. ಆದರೆ ಟೇಪು ಮಸೆಯುತ್ತ ಮಸೆಯುತ್ತ ತಾನೂ ಸವೆಯುತ್ತದೆ. ಶುರುವಿನಲ್ಲಿ ಇದ್ದ ಕೋನ ಕೊನೆಯಲ್ಲಿ ಇರುವುದಿಲ್ಲ. ನಡುವೆ ಹೊಸದು ಸುತ್ತಿದಿರೋ, ಮತ್ತೆ ಬೇರೆ ಕೋನ. ಡಿಗ್ರಿಯ ನಿಖರತೆಗೆಂದು ಹೊರಟವರು ತಲುಪುವುದು ಇಲ್ಲಿಗೆ.

ದೊಡ್ಡ ಆಕ್ಷೇಪ ಇನ್ನೊಂದಿದೆ. ಬೆನ್ನು ಸವೆಯುವುದು ಕತ್ತಿಯ ದೋಷವಲ್ಲ, ಅದರ ವ್ಯವಸ್ಥೆ. ವರ್ಷಗಟ್ಟಲೆ ಮಸೆದು ಅಲಗಿನ ಅಗಲ ಒಂದು ಮಿಲಿಮೀಟರು ಕಡಿಮೆಯಾಯಿತು ಅನ್ನಿ. ಬೆನ್ನೂ ಅದರ ಜೊತೆಗೆ ಸುಮಾರು 0.28 ಮಿಲಿಮೀಟರು ಸವೆದಿದ್ದರೆ ಕೋನ ಇದ್ದಲ್ಲೇ ಇರುತ್ತದೆ. ಬೆನ್ನಿಗೆ ಸದಾ ಟೇಪಿನ ಅಂಗಿ ತೊಡಿಸಿದ್ದರೆ ಅಂಚು ಮಾತ್ರ ಕರಗುತ್ತದೆ, ಬೆನ್ನು ಹಾಗೇ ಉಳಿಯುತ್ತದೆ, ಕೋನ ತನ್ನಷ್ಟಕ್ಕೆ ಒಂದು ಡಿಗ್ರಿ ಏರಿ ಕೂತಿರುತ್ತದೆ. ಮೊಮ್ಮಗನ ಕೈಗೆ ಬರುವ ಹೊತ್ತಿಗೆ ಬೆನ್ನು ಥಳಥಳ, ಬಾಯಿ ಮೊಂಡು. ಶೆಫೀಲ್ಡಿನ ಹಳೆಯ 'ವೆಜ್' ಕತ್ತಿಗಳಿಗೆ, ಬೆನ್ನಿನ ಮೇಲೆ ಚಿನ್ನದ ಕೆತ್ತನೆ ಇರುವಂಥವಕ್ಕೆ ಟೇಪು ಸುತ್ತಿ, ಬೇಡ ಎನ್ನುವುದಿಲ್ಲ. ವೆಜ್ಜಿನ ಪಕ್ಕಗಳು ಒಳಕ್ಕೆ ಬಾಗಿಲ್ಲದ ಕಾರಣ ಟೇಪಿಲ್ಲದೆ ಮಸೆದರೆ ಅರ್ಧ ಅಲಗನ್ನೇ ಅರೆಯಬೇಕಾಗುತ್ತದೆ. ಉಳಿದಂತೆ ಕಪ್ಪು ಟೇಪು ಸ್ವಿಚ್ ಬೋರ್ಡಿಗೆ ಇರಲಿ.

ಕೋನ ಕತ್ತಿಯದೇ ಆದರೆ ಕಲ್ಲಿನ ಮೇಲೆ ನಮಗೆ ಆರಿಸಲು ಉಳಿಯುವುದೇನು? ನೀರು, ಕೆಸರು, ಕೈಯ ಭಾರ, ನಿಲ್ಲಿಸುವ ಹೊತ್ತು. ನಾನು ಕೋಟಿಕ್ಯೂಲ್ ಪಕ್ಷದವನೆಂದು ಈ ಅಂಕಣದ ಹಳಬರಿಗೆ ಹೇಳಬೇಕಾಗಿಲ್ಲ. ಬೆಲ್ಜಿಯಂನ ಆರ್ಡೆನ್ ಬೆಟ್ಟಸೀಮೆಯಲ್ಲಿ, ವಿಯೆಲ್‌ಸಾಲ್ಮ್ ಸುತ್ತಿನ ಹಳ್ಳಿಗಳಲ್ಲಿ ಮಾತ್ರ ಸಿಗುವ ಹಳದಿ ಕಲ್ಲು ಇದು. ವಯಸ್ಸು ಸುಮಾರು 48 ಕೋಟಿ ವರ್ಷ. ನೇರಳೆ ಛಾಯೆಯ ನೀಲಿ ಬಂಡೆಯ ನಡುವೆ ಸಣ್ಣ ಸಣ್ಣ ಪದರಗಳಾಗಿ ಕೂತಿರುತ್ತದೆ. ಪದರ ಕೆಲವೇ ಸೆಂಟಿಮೀಟರು ದಪ್ಪ ಇರುವುದೂ ಉಂಟು. ಹಳೆಯ ಗಣಿಗಳು ಮುಚ್ಚಿಹೋಗಿ, ಸಾಲ್ಮ್‌ಶಾಟೊ ಹಳ್ಳಿಯಲ್ಲಿ ಈ ಕಲ್ಲಿಗೆಂದೇ ಒಂದು ಮ್ಯೂಸಿಯಂ ಆಗಿದೆ. ಲಿಯೆರ್ನೋ ಬಳಿ ಆರ್ಡೆನ್ ಕೋಟಿಕ್ಯೂಲ್ ಎಂಬ ಸಂಸ್ಥೆ ಮತ್ತೆ ಕಲ್ಲು ತೆಗೆದಿದ್ದರಿಂದ ನಮ್ಮಂಥವರ ಹವ್ಯಾಸ ನಡೆದಿದೆ.

ಈ ಕಲ್ಲಿನ ಕೆಲಸಗಾರ ಗಾರ್ನೆಟ್. ಸ್ಪೆಸಾರ್ಟೀನ್ ಜಾತಿಯ ಮ್ಯಾಂಗನೀಸ್ ಗಾರ್ನೆಟ್ ಹರಳುಗಳು ಕಲ್ಲಿನ ಮೂರನೇ ಒಂದು ಪಾಲಿನಷ್ಟು ತುಂಬಿಕೊಂಡಿರುತ್ತವೆ. ಗಾತ್ರ 5ರಿಂದ 15 ಮೈಕ್ರಾನ್. ಕಣ ಸಣ್ಣದಾದಷ್ಟೂ ಕಲ್ಲಿನ ನಂಬರು ದೊಡ್ಡದು; ಆ ನಂಬರು ಪೂಜಿಸುವವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಕಾರ್ಖಾನೆಯಲ್ಲಿ ಮಾಡಿದ 8000 ನಂಬರಿನ ಕಲ್ಲಿನ ಕಣ ಎರಡು ಮೈಕ್ರಾನಿನೊಳಗೆ. ಕೋಟಿಕ್ಯೂಲಿನದು ಅದರ ಹಲವು ಪಟ್ಟು ದಪ್ಪ. ನಂಬರಿನ ಪ್ರಕಾರ ಇದು ಕ್ಷೌರಕ್ಕೆ ನಾಲಾಯಕ್ಕು. ಆದರೆ ಇದರಲ್ಲಿ ಮಸೆದ ಕತ್ತಿ ಮುಖದ ಮೇಲೆ ಹರಿಯುವಷ್ಟು ಮೃದುವಾಗಿ 12000 ನಂಬರಿನದು ಹರಿಯುವುದಿಲ್ಲ ಎಂದು ನಾನು ಯಾವ ಸಭೆಯಲ್ಲಾದರೂ ಹೇಳಬಲ್ಲೆ. ಕಾರಣ ಹರಳಿನ ಆಕಾರ. ಹನ್ನೆರಡು ಮುಖಗಳ ಗಾರ್ನೆಟ್ ಹೆಚ್ಚುಕಡಿಮೆ ದುಂಡಗೆ. ದೇಹ ದೊಡ್ಡದಾದರೂ ಉಕ್ಕಿಗೆ ಆಳವಾಗಿ ಇಳಿಯುವುದಿಲ್ಲ, ಮೇಲೆಮೇಲೆ ಕೆರೆಯುತ್ತದೆ.

ಇದರಲ್ಲಿ ಮಸೆಯುವ ಕ್ರಮ ನೋಡಿ. ಅದೇ ಜಾತಿಯ ಪುಟ್ಟ ಕಲ್ಲೊಂದನ್ನು ನೀರು ಹಾಕಿ ಮೇಲೆ ಉಜ್ಜಿದರೆ ಗಂಧ ತೇಯ್ದಾಗ ಬರುವಂಥ ಕೆನೆ ಏಳುತ್ತದೆ. ಅದರಲ್ಲಿ ಬಿಡಿ ಹರಳುಗಳು ಉರುಳುತ್ತಿರುತ್ತವೆ. ಕತ್ತಿಯನ್ನು ಅಡ್ಡ ಮಲಗಿಸಿ ಅಂಚು ಮುಂದಾಗಿ ತಳ್ಳಿದರೆ ಬಿಳಿ ಕೆನೆ ಬೇಗನೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದು ಉಕ್ಕು ಕರಗುತ್ತಿರುವ ಗುರುತು. ಬೆವೆಲ್, ಅಂದರೆ ಅಂಚಿನ ಎರಡೂ ಬದಿಯ ಇಳಿಜಾರು, ಪೂರ್ತಿ ಕೂಡುವವರೆಗೆ ಈ ದಪ್ಪ ಕೆನೆಯೇ ಬೇಕು. ಆಮೇಲೆ ಇದೇ ಶತ್ರು. ಉರುಳುವ ಹರಳುಗಳು ಅಂಚಿಗೆ ಎದುರಾಗಿ ಬಡಿದು ಅದನ್ನು ಒಂದು ಮಟ್ಟಕ್ಕಿಂತ ಹರಿತವಾಗಲು ಬಿಡುವುದಿಲ್ಲ. ಹಾಗಾಗಿ ಬೆರಳಿನಿಂದ ಒಂದೊಂದೇ ಹನಿ ನೀರು ಬಿಟ್ಟು, ಕೆಲವು ಸುತ್ತು ಮಸೆದು, ಮತ್ತೆ ಹನಿ ಬಿಟ್ಟು, ಕೆನೆಯನ್ನು ತೆಳ್ಳಗೆ ಮಾಡುತ್ತ ಹೋಗಬೇಕು. ಕೊನೆಗೆ ಹರಿಯುವ ಬರೀ ನೀರು. ಬೆವೆಲ್ ಕಲ್ಲಿಗೆ ಪೂರ್ತಿ ಕೂತಿದ್ದರೆ ಮುಂದೆ ತಳ್ಳಿಸಿಕೊಂಡು ಹೋಗುವ ನೀರಿನ ಅಲೆ ಅಂಚನ್ನು ಹತ್ತಿ ಅಲಗಿನ ಮೇಲೆ ಬರುತ್ತದೆ, ಹಿಮ್ಮಡಿಯಿಂದ ತುದಿಯವರೆಗೆ ಒಂದೇ ಸಮನೆ. ಎಲ್ಲಿ ಅಲೆ ಹತ್ತುವುದಿಲ್ಲವೋ ಅಲ್ಲಿ ಕೆಲಸ ಬಾಕಿ. ಭಾರ ಹಾಕಿದರೆ ಟೊಳ್ಳಾಗಿ ಅರೆದ ತೆಳು ಅಲಗು ಬಾಗಿ ನಿಮ್ಮ ಲೆಕ್ಕದ ಕೋನವೆಲ್ಲ ನೀರುಪಾಲು. ಕತ್ತಿಯ ತೂಕವೇ ಸಾಕು.

ಜರ್ಮನಿಯ ತುರಿಂಗಿಯಾದ ಸ್ಲೇಟು ಕಲ್ಲು, ಅಂದರೆ ಸೋನೆಬರ್ಗಿನ ಎಶರ್ ಕಂಪೆನಿ ಚೀಟಿ ಅಂಟಿಸಿ ಮಾರುತ್ತಿದ್ದದ್ದು, ಇದಕ್ಕಿಂತ ಮೇಲು ಎನ್ನುವವರಿದ್ದಾರೆ. ಕೊನೆಯ ಹೊಳಪಿಗೆ ಅದು ಮೇಲು, ಒಪ್ಪಿದೆ. ಮೊಂಡು ಕತ್ತಿಯನ್ನು ಶುರುವಿನಿಂದ ಎಬ್ಬಿಸಲು ಅದರ ಕೈಲಾಗದು. ಕೋಟಿಕ್ಯೂಲ್ ಎರಡನ್ನೂ ಒಂದೇ ಮೈಮೇಲೆ ಮಾಡುತ್ತದೆ. ಆ ಚರ್ಚೆ ನನಗೆ ಮುಗಿದಿದೆ.

ಕಲ್ಲಿನ ಬಗ್ಗೆ ಬರೆದವರಲ್ಲಿ ನಾನು ಮತ್ತೆ ಮತ್ತೆ ತೆರೆಯುವುದು ಇಬ್ಬರನ್ನು. ಮೊದಲನೆಯವನು ರೋಮಿನ ಪ್ಲಿನಿ. ಕ್ರಿ.ಶ. 77ರ ಹೊತ್ತಿನ ಅವನ 'ನ್ಯಾಚುರಲ್ ಹಿಸ್ಟರಿ'ಯ 36ನೇ ಸಂಪುಟದಲ್ಲಿ ಸಾಣೆಕಲ್ಲುಗಳ ವರ್ಗೀಕರಣವಿದೆ. ಎಣ್ಣೆ ಕೇಳುವ ಕಲ್ಲು, ನೀರು ಕೇಳುವ ಕಲ್ಲು ಎಂದು ವಿಂಗಡಿಸಿ, ಯಾವ ದ್ವೀಪದ ಕಲ್ಲು ಹೆಸರುವಾಸಿ ಎಂದೆಲ್ಲ ಹೇಳಿ, ಆಮೇಲೆ ಕ್ಷೌರದಂಗಡಿಗೆ ಬರುತ್ತಾನೆ. ಅಲ್ಲಿಯವರಿಗೆ ಇನ್ನೊಂದು ಜಾತಿಯ ಕಲ್ಲು ಇತ್ತಂತೆ. ಸ್ಪೇನಿನಿಂದ ಬರುತ್ತಿದ್ದದ್ದು, ಮನುಷ್ಯರ ಎಂಜಲು ಹಾಕಿ ಮಸೆಯುವಂಥದ್ದು. ಮಡಿಹುಡಿಯ ನಮ್ಮ ಅಜ್ಜಿಯರು ಇದನ್ನು ಕೇಳಿದ್ದರೆ ರೋಮ್ ಸಾಮ್ರಾಜ್ಯ ಯಾಕೆ ಬಿತ್ತೆಂದು ಆಗಲೇ ಹೇಳಿಬಿಡುತ್ತಿದ್ದರು.

ಎರಡನೆಯವನು ಪ್ಯಾರಿಸಿನ ಕತ್ತಿ ತಯಾರಕ ಜ್ಯಾನ್-ಜಾಕ್ ಪೆರೆ. 1769ರಲ್ಲಿ 'ಲಾ ಪೊಗೊನೊಟೊಮಿ' ಎಂಬ ಪುಸ್ತಕ ಅಚ್ಚು ಹಾಕಿಸಿದ. ತಮ್ಮ ಕ್ಷೌರ ತಾವೇ ಮಾಡಿಕೊಳ್ಳುವುದನ್ನು ಗಂಡಸರಿಗೆ ಕಲಿಸುವುದು ಉದ್ದೇಶ. ಅದರ ಶೀರ್ಷಿಕೆ ಒಂದು ಇಡೀ ಪ್ಯಾರಾ ಉದ್ದ. ಎಲ್ಲ ಬಗೆಯ ಸಾಣೆಕಲ್ಲುಗಳನ್ನು ಗುರುತಿಸುವ ಬಗೆ, ಕತ್ತಿ ತೀಡುವ ತೊಗಲು ಹದಮಾಡುವ ಬಗೆ, ಇವೆಲ್ಲ ಒಳಗಿವೆ ಎಂದು ಮುಖಪುಟದಲ್ಲೇ ಸಾರಿ, ಕೊನೆಗೆ ರಕ್ತ ಬಿಡಿಸುವ ಚಿಕಿತ್ಸೆಯ ಬಗ್ಗೆ ಒಂದು ಮುಖ್ಯ ಟಿಪ್ಪಣಿಯೂ ಉಂಟು ಎನ್ನುತ್ತಾನೆ. ಹೊಸಬರ ಕೈಗೆ ಕ್ಷೌರದ ಕತ್ತಿ ಕೊಡುವ ಪುಸ್ತಕಕ್ಕೆ ಆ ಅನುಬಂಧ ತಕ್ಕದ್ದೇ. ಅಲಗಿಗೆ ಮರದ ತಡೆ ಹಾಕಿ ಗಾಯ ತಪ್ಪಿಸುವ ರೇಜರನ್ನು ರೂಪಿಸಿದವನೂ ಇವನೇ, ಜಿಲೆಟ್‌ನ ಬ್ಲೇಡು ಬರುವುದಕ್ಕೆ ನೂರಮೂವತ್ತು ವರ್ಷಕ್ಕೂ ಮೊದಲು. ನನಗೆ ಇವನು ಇಷ್ಟವಾಗುವುದು ಬೇರೆ ಕಾರಣಕ್ಕೆ. ಕತ್ತಿ, ಕಲ್ಲು, ತೊಗಲು ಮೂರನ್ನೂ ಒಂದೇ ಕಸುಬಿನ ಮೂರು ಭಾಗವಾಗಿ ನೋಡಿದ. ಇವತ್ತಿನವರು ಕಲ್ಲನ್ನು ಮಾತ್ರ ಹಿಡಿದು ಜಗಳಾಡುತ್ತಾರೆ, ಉಕ್ಕನ್ನು ಮರೆಯುತ್ತಾರೆ.

ಉಕ್ಕೆಂದ ಕೂಡಲೇ ಮಾತು ನಮ್ಮ ಸೀಮೆಗೆ ಬರಲೇಬೇಕು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಭಾರತದಿಂದ ಬಂದ 'ವೂಟ್ಸ್' ಉಕ್ಕಿನ ಪರೀಕ್ಷೆಯ ವರದಿ ಪ್ರಕಟಿಸಿದ. ಅದನ್ನು ಕಾಯಿಸಿ ಬಡಿದು ನೋಡಿದವರಲ್ಲಿ ಒಬ್ಬ ಜೇಮ್ಸ್ ಸ್ಟೊಡಾರ್ಟ್, ಶಸ್ತ್ರಚಿಕಿತ್ಸೆಯ ಸಲಕರಣೆ ಮತ್ತು ಕತ್ತಿಗಳ ತಯಾರಕ. ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಇದೇ ಮೇಲೆಂದು ತನ್ನ ಅಂಗಡಿಯ ಚೀಟಿಯ ಮೇಲೇ ಅಚ್ಚು ಹಾಕಿಸಿದ. ಅದೇ ಸ್ಟೊಡಾರ್ಟ್ ಮುಂದೆ ಕಮ್ಮಾರನ ಮಗನೊಬ್ಬನ ಜೊತೆ ಸೇರಿ ವೂಟ್ಸಿನ ಗುಟ್ಟು ಹುಡುಕುತ್ತ ಉಕ್ಕಿಗೆ ಬೇರೆ ಲೋಹ ಬೆರೆಸುವ ಪ್ರಯೋಗಕ್ಕಿಳಿದ. ಆ ಕಮ್ಮಾರನ ಮಗ ಮೈಕೆಲ್ ಫ್ಯಾರಡೆ. 1820ರಲ್ಲಿ ಇಬ್ಬರ ಹೆಸರಿನಲ್ಲಿ ಬಂದ ಲೇಖನದ ಪ್ರಕಾರ 500 ಪಾಲು ಉಕ್ಕಿಗೆ ಒಂದು ಪಾಲು ಬೆಳ್ಳಿ ಸೇರಿದರೆ ಒಳ್ಳೆಯ ಅಲಗಾಗುತ್ತದೆ. ಶೆಫೀಲ್ಡಿನವರು ಅಷ್ಟಕ್ಕೇ ಕಾದಿದ್ದವರ ಹಾಗೆ ಕತ್ತಿಯ ಮೇಲೆಲ್ಲ 'ಸಿಲ್ವರ್ ಸ್ಟೀಲ್' ಎಂದು ಠಸ್ಸೆ ಒತ್ತಿದರು. ಒಳಗೆ ಬೆಳ್ಳಿ ಎಷ್ಟಿತ್ತು ಎನ್ನುವುದು ಬೇರೆ ಮಾತು. ವಿದ್ಯುತ್ತಿನ ಫ್ಯಾರಡೆಯನ್ನು ಶಾಲೆಯಲ್ಲಿ ಓದಿದ ನಾವು ಕ್ಷೌರದ ಕತ್ತಿಯ ಫ್ಯಾರಡೆಯನ್ನು ಓದಲಿಲ್ಲ.

ಆ ಉಕ್ಕು ತಯಾರಾಗುತ್ತಿದ್ದ ಬಗೆಯನ್ನು ಕಣ್ಣಾರೆ ಕಂಡು ಬರೆದವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯ ಅಪ್ಪಣೆ ಮೇರೆಗೆ ಮೈಸೂರು ಸೀಮೆ ಸುತ್ತಿದವನು. ಹಸಿ ಮಣ್ಣಿನ ಪುಟ್ಟ ಮೂಸೆ, ಅದರೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಹಸಿರೆಲೆ. ಬಾಯಿ ಮುಚ್ಚಿ ಮೆತ್ತಿ, ಕುಲುಮೆಯಲ್ಲಿ ಸಾಲಾಗಿ ಜೋಡಿಸಿ ತಿದಿ ಒತ್ತುವುದು. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಹತ್ತಿ ಉಕ್ಕಾಗುತ್ತಿತ್ತು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಇಂಥ ಮೂಸೆಗಳ ಚೂರುಗಳು ಸಿಕ್ಕಿವೆ. ಬೆಂಗಳೂರಿನವರೇ ಆದ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಈ ಉಕ್ಕಿನ ಮೇಲೆ ಬರೆದ ಪುಸ್ತಕ 2004ರಲ್ಲಿ ಬಂದಿದೆ, ಸಿಕ್ಕರೆ ಬಿಡಬೇಡಿ.

ಅದೇ 2004ರಲ್ಲಿ ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಲೋಹಶಾಸ್ತ್ರಜ್ಞ ಜಾನ್ ವರ್ಹೋವೆನ್ ಚಾಕು ಮಸೆಯುವುದರ ಮೇಲೆ ಒಂದು ವರದಿ ಬರೆದರು. ಕಮ್ಮಾರ ಆಲ್ ಪೆಂಡ್ರೆ ಜೊತೆ ಸೇರಿ ವೂಟ್ಸಿನ ಡಮಾಸ್ಕಸ್ ಅಲಗನ್ನು ಮತ್ತೆ ಮಾಡಿ ತೋರಿಸಿದವರೂ ಇವರೇ. ಅದಿರಿನಲ್ಲಿ ಎಳ್ಳಷ್ಟು ಇದ್ದ ವನೇಡಿಯಂ ಆ ಅಲಗಿನ ಮೈಮೇಲಿನ ಅಲೆಗೆರೆಗಳಿಗೆ ಕಾರಣ ಎಂದು ಸಾಧಿಸಿದವರು. ಮಸೆದ ಅಂಚುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ಅವರು ಕಂಡದ್ದು: ಪುಡಿ ಹಚ್ಚದ ಬರೀ ತೊಗಲಿಗೆ ತೀಡಿದರೆ ಹೆಚ್ಚೇನೂ ಸುಧಾರಿಸುವುದಿಲ್ಲ, ಕ್ರೋಮಿಯಂ ಆಕ್ಸೈಡ್ ಹಚ್ಚಿದ ತೊಗಲು ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಪೈಕಿ ಕೆಲವರು ಇದನ್ನೇ ಹಿಡಿದು ತೊಗಲ ಪಟ್ಟಿಗಳನ್ನು ಅಟ್ಟಕ್ಕೆ ಎಸೆದರು. ವರ್ಹೋವೆನ್ ನೋಡಿದ್ದು ಕಲ್ಲಿನಿಂದ ಆಗತಾನೆ ಎದ್ದ ಚಾಕುವಿನ ಅಂಚನ್ನು. ದಿನಾ ಬೆಳಿಗ್ಗೆ ಗಡ್ಡಕ್ಕೆ ಹೋಗಿಬರುವ ಕತ್ತಿಯ ಕಥೆ ಬೇರೆ. ಬರೀ ತೊಗಲನ್ನು ನಾನು ಬಿಡುವುದಿಲ್ಲ.

ಅಂಚು ಮೊಂಡಾಗುವ ಬಗೆಯ ಮೇಲೂ 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಎಂಐಟಿಯವರ ಅಧ್ಯಯನ ಬಂತು. ಕೂದಲಿಗಿಂತ ಬ್ಲೇಡಿನ ಉಕ್ಕು 50 ಪಟ್ಟು ಗಟ್ಟಿ, ಆದರೂ ಕೂದಲು ಉಕ್ಕಿನ ಚಕ್ಕೆ ಏಳಿಸುತ್ತದೆ. ಉಕ್ಕಿನ ಒಳರಚನೆ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಗಟ್ಟಿ ಜಾಗ, ಮೆದು ಜಾಗ ಕೂಡುವ ಕಡೆ ಕೂದಲು ಬಾಗಿ ಓರೆಯಾಗಿ ಒತ್ತಿದರೆ ಅಲ್ಲಿ ಬಿರುಕು. ಅಂದರೆ ಅಂಚಿನ ಆಯಸ್ಸು ಒಂದು ಡಿಗ್ರಿ ಆಚೀಚೆಯಾಗಿದ್ದರಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಉಕ್ಕು ಎಷ್ಟು ಸಮನಾಗಿದೆ, ನೀವು ಕತ್ತಿಯನ್ನು ಹೇಗೆ ಹಿಡಿಯುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕೋನ ಕೋನ ಎಂದು ಜಪ ಮಾಡುವವರು ಇದನ್ನೊಮ್ಮೆ ಓದಲಿ.

ಕೊನೆಗೊಂದು ವಿನಂತಿ. ಸಲೂನುಗಳಲ್ಲಿ ಅರ್ಧ ಬ್ಲೇಡು ಸಿಕ್ಕಿಸುವ ಹಿಡಿ ಬಂದ ಮೇಲೆ ಹಳೆಯ ಕತ್ತಿಗಳು ಟ್ರಂಕು ಸೇರಿವೆ. ಹತ್ತಾರು ಗಿರಾಕಿಗಳಿಗೆ ಒಂದೇ ಕತ್ತಿ ಬಳಸುವ ಕಡೆ ಬ್ಲೇಡೇ ಸರಿ, ಅದರಲ್ಲಿ ತಕರಾರಿಲ್ಲ. ಆದರೆ ನಿಮ್ಮ ಮನೆಯಲ್ಲಿ ತಾತನ ಕತ್ತಿ ಸಿಕ್ಕರೆ ಬೀದಿಯಲ್ಲಿ ಸೈಕಲ್ ಚಕ್ರ ತುಳಿದು ಸಾಣೆ ಹಿಡಿಯುವವರ ಕೈಗೆ ಕೊಡಬೇಡಿ. ಮಚ್ಚು, ಕತ್ತರಿಗೆ ಅವರು ಬೇಕು. ಇಷ್ಟು ತೆಳುವಾದ ಅಂಚು ಒಣ ಚಕ್ರಕ್ಕೆ ತಾಗಿದ ಕ್ಷಣದಲ್ಲೇ ಕಾದು ನೀಲಿಗಟ್ಟುತ್ತದೆ. ನೀಲಿ ಕಂಡಿತೆಂದರೆ ಆ ಜಾಗದ ಹದ ಹೋಯಿತು, ಯಾವ ಕಲ್ಲೂ ಅದನ್ನು ವಾಪಸು ತರುವುದಿಲ್ಲ. ತುಕ್ಕು ತೆಗೆಯಲೆಂದು ಹುಣಸೆಹಣ್ಣು ಹಾಕಿ ತಿಕ್ಕಲೂ ಬೇಡಿ. ಹಿತ್ತಾಳೆಗೆ ಅದು ಸರಿ, ಉಕ್ಕನ್ನು ತಿಂದುಹಾಕುತ್ತದೆ. ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಸವರಿ, ಬಟ್ಟೆ ಸುತ್ತಿ ಇಡಿ. ಬೆನ್ನಿನ ದಪ್ಪವನ್ನೂ ಅಲಗಿನ ಅಗಲವನ್ನೂ ಅಳೆದು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಮಸೆಯಲು ಯೋಗ್ಯವೋ ಅಲ್ಲವೋ ಎಂದು ಅಷ್ಟರಿಂದಲೇ ಹೇಳುತ್ತೇನೆ.